ಮೊದಲ ಮೆಟ್ಟಿಲು

ಶಾಲೆಯ ವಾರ್ಷಿಕೋತ್ಸವದ ಸಂದರ್ಭದಲ್ಲಿ ಕಟ್ಟಡಗಳ ವಿಸ್ತಾರವನ್ನೂ ಪರೀಕ್ಷಾ ಫಲಿತಾಂಶಗಳನ್ನೂ ಎಣಿಸಿ ಸಂತೋಷಪಡುವುದು ವಾಡಿಕೆ. ಅದು ಉಚಿತವೂ ಹೌದು. ಆದರೆ ಆ ಕಟ್ಟಡದ ಮೊದಲ ಮೆಟ್ಟಿಲನ್ನೇರಲಾರದೆ ಹಿಂದಿರುಗಿದ ಮಗುವಿನ ಲೆಕ್ಕ ಯಾವ ವರದಿಯಲ್ಲಿಯೂ ಕಾಣಬರುವುದಿಲ್ಲ. ಗಾಲಿಕುರ್ಚಿಯನ್ನು ಅವಲಂಬಿಸಿದ ಅಂತಹ ಮಕ್ಕಳ ಪರವಾಗಿ ಎರಡು ಮಾತುಗಳನ್ನು ಇಲ್ಲಿ ನಿವೇದಿಸಬಯಸುತ್ತೇನೆ.

ನಮ್ಮ ಬಸವೇಶ್ವರನಗರವನ್ನೇ ನೋಡೋಣ. ಮಾಗಡಿ ರಸ್ತೆಯ ಮೆಟ್ರೋ ನಿಲ್ದಾಣವು 2015ರ ನವೆಂಬರಿನಲ್ಲಿ ಆರಂಭವಾಯಿತು. ಅಲ್ಲಿ ಲಿಫ್ಟಿನ ಸೌಕರ್ಯವಿದೆ. ಆದರೆ ಮನೆಯಿಂದ ಆ ಲಿಫ್ಟಿನವರೆಗೆ ತಲಪುವುದೆಂತು? ಚರಂಡಿಯ ಮೇಲೆ ಹಾಸಿದ ಚಪ್ಪಡಿಗಳು ಒಂದು ಏರಿ ಒಂದು ತಗ್ಗಿರುತ್ತವೆ. ಮನೆಮನೆಯ ಗೇಟಿನ ಮುಂದೆ ಕಾರಿಗೆಂದು ಕಟ್ಟಿದ ಇಳಿಜಾರು ಪಾದಚಾರಿಗಳ ದಾರಿಯನ್ನು ತುಂಡರಿಸುತ್ತದೆ. ಕಾರಿಗೆ ಇಳಿಜಾರು ಕಟ್ಟಿಕೊಂಡ ನಾವು ಗಾಲಿಕುರ್ಚಿಗೆ ಕಟ್ಟಲು ಮರೆತೆವು! ರಾಜಧಾನಿಯ ಬಡಾವಣೆಯೇ ಹೀಗಿರುವಾಗ, ಲಿಫ್ಟು ವಿರಳವಾದ ಸಣ್ಣ ಊರುಗಳ ಪಾಡನ್ನು ವಿವರಿಸಬೇಕಾಗಿಲ್ಲ.

"ನಮ್ಮ ಶಾಲೆಯಲ್ಲಿ ಅಂತಹ ಮಕ್ಕಳೇ ಇಲ್ಲವಲ್ಲ" ಎಂದು ಕೆಲವರು ಹೇಳುವುದುಂಟು. ಮೆಟ್ಟಿಲಿರುವುದರಿಂದಲೇ ಅವರಿಲ್ಲ ಎಂಬುದನ್ನು ನಾವು ಮನಗಾಣಬೇಕು. ಐದು ವರ್ಷದ ಮಗುವನ್ನು ತಾಯಿ ಎತ್ತಿಕೊಂಡು ತಂದಾಳು. ಹದಿನಾಲ್ಕು ವರ್ಷದ ಹುಡುಗಿಯನ್ನು ಎತ್ತುವವರಾರು? ಶೌಚಾಲಯದ ಬಾಗಿಲಲ್ಲಿ ಕುರ್ಚಿ ಹಿಡಿಸದೆಂದು ದಿನವಿಡೀ ನೀರು ಕುಡಿಯದೆ ಕುಳಿತುಕೊಳ್ಳಬೇಕಾದ ಬಾಲೆಗೆ ಯಾವ ಪಾಠ ತಲೆಗೆ ಹತ್ತೀತು? ಬುದ್ಧಿಯಿದ್ದೂ ಓದು ನಿಲ್ಲುವುದು ಇಂತಹ ಸಣ್ಣ ಅಡ್ಡಿಗಳಿಂದಲೇ.

ಇದು ಕರುಣೆಯ ಮಾತಲ್ಲ, ಹಕ್ಕಿನ ಮಾತು. ಸರ್ಕಾರದ ನೆರವು ಅಥವಾ ಮನ್ನಣೆ ಪಡೆದ ಶಾಲೆಗಳ ಕಟ್ಟಡ, ಆವರಣಗಳನ್ನು ಅಂಗವಿಕಲ ಮಕ್ಕಳಿಗೆ ಸುಗಮಗೊಳಿಸಬೇಕೆಂಬುದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಆಶಯ. ಇಂತಹ ಮಾನದಂಡಗಳು ಬರಿಯ ಸಲಹೆಯಾಗಿರದೆ ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ಸಾರಿತು.

ಆದರೆ ಹೆಸರಿಗೆ ಕಟ್ಟಿದರೆ ಸಾಲದು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಅರ್ಧ ಅಡಿಯ ಮೂರು ಮೆಟ್ಟಿಲುಗಳಿದ್ದಲ್ಲಿ ಅದು ಹದಿನೆಂಟು ಅಡಿಯಾಗುತ್ತದೆ. ಸ್ಥಳವಿಲ್ಲವೆಂದು ಮೇಸ್ತ್ರಿ ಆರೇ ಅಡಿಗೆ ಮುಗಿಸಿದರೆ ಅದು ಸ್ಕೂಟರು ಏರಿಸಲು ಒದಗೀತೇ ಹೊರತು, ಕುರ್ಚಿಯಲ್ಲಿ ಕುಳಿತವರನ್ನು ಹಿಂದಕ್ಕೆ ಮಗುಚೀತು. ಬಾಗಿಲಿಗೆ ಮೂರು ಅಡಿ ಅಗಲವಿರಬೇಕು, ಹಿಡಿದುಕೊಳ್ಳಲು ಕಂಬಿಯಿರಬೇಕು.

ಉಪಾಧ್ಯಾಯ ಬಂಧುಗಳು ಅಂತಹ ಮಗುವಿನ ತರಗತಿಯನ್ನು ನೆಲಮಹಡಿಗೆ ತರಲಿ. ಇದಕ್ಕೆ ಕಾಸಿನ ಖರ್ಚೂ ಇಲ್ಲ. ಹಿರಿಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಶಾಲೆ, ಪುರಸಭೆ, ಬಸ್ ನಿಲ್ದಾಣಗಳ ಮೊದಲ ಮೆಟ್ಟಿಲನ್ನೊಮ್ಮೆ ಅಳೆದು ನೋಡಲಿ. ಮಾನ್ಯ ದಾನಿಗಳ ಹೆಸರು ಕೊಠಡಿಗಳ ನೆತ್ತಿಯ ಮೇಲೆ ಶೋಭಿಸುತ್ತಿದೆ. ಇನ್ನು ಮುಂದೆ ಇಳಿಜಾರಿನ ಪಕ್ಕದ ಗೋಡೆಯಲ್ಲಿಯೂ ಒಂದು ಹೆಸರಿರಲಿ. ಅದನ್ನು ಕುಳಿತೇ ಓದುವ ಮಗುವೊಂದು ದಿನವೂ ಆ ದಾರಿಯಲ್ಲಿ ತರಗತಿಗೆ ಬರುವಂತಾಗಲಿ ಎಂದು ಹಾರೈಸುತ್ತೇನೆ.