ಟರ್ಬೊಗೆ ದುಡ್ಡು ಕೊಡೋ ಮುಂಚೆ ಪೈಪು ನೋಡಿ



ಮಳೆಗಾಲಕ್ಕೆ ಮುಂಚೆ ಕೊಟ್ಟಿಗೆ ಹೆಂಚು ನೋಡ್ತೀವಿ, ಬೋರ್ಡೊಗೆ ಸುಣ್ಣ ಮೈಲುತುತ್ತ ತಂದಿಡ್ತೀವಿ. ಆದ್ರೆ ಹತ್ತು ವರ್ಷ ದಾಟಿದ ಗಾಡಿಯ ಬಾನೆಟ್ ಎತ್ತಿ ಒಳಗಿನ ರಬ್ಬರ್ ಪೈಪು ಮುಟ್ಟಿ ನೋಡೋರು ಕಡಿಮೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಹಳೇ ಡೀಸೆಲ್ ಗಾಡಿಯಲ್ಲಿ ಒಂದು ವ್ಯಾಕ್ಯೂಮ್ ಪೈಪು ಸೀಳಿದ್ರೆ ಎಲ್ಲಾ ಪೈಪೂ ಒಟ್ಟಿಗೆ ಬದಲಾಯಿಸಿ. ಸೊಲೆನಾಯ್ಡ್ ಮಾತ್ರ ಪರೀಕ್ಷೆ ಮಾಡದೆ ಬದಲಾಯಿಸಬೇಡಿ. ಇವೆರಡೂ ಆಗೋ ತನಕ ಟರ್ಬೊಗೆ ಒಂದು ರೂಪಾಯಿನೂ ಕೊಡಬೇಡಿ.

ಹೋದ ವರ್ಷ ಅಡಿಕೆ ಕೊಯ್ಲಿನ ಟೈಮಲ್ಲಿ ನಮ್ಮ ಪಕ್ಕದ ತೋಟದವರ ಜೀಪು ಏರು ಎಳೀತಿರಲಿಲ್ಲ. ಎರಡನೇ ಗೇರಲ್ಲಿ ಹತ್ತೋ ಜಾಗಕ್ಕೆ ಒಂದನೇ ಗೇರು ಬೇಕು, ಹಿಂದೆ ಕಪ್ಪು ಹೊಗೆ. ಪೇಟೆಯ ಒಂದು ಗ್ಯಾರೇಜಲ್ಲಿ ಸ್ಕ್ಯಾನರ್ ಹಾಕಿ "ಟರ್ಬೊ ಹೋಗಿದೆ" ಅಂದ್ರು. ಹತ್ತಾರು ಸಾವಿರದ ಲೆಕ್ಕ. ಅವರು ದುಡ್ಡು ಹೊಂದಿಸೋಕೆ ಅಂತ ವಾಪಸ್ ಬಂದಾಗ ಇಬ್ಬರೂ ಸೇರಿ ಬಾನೆಟ್ ಎತ್ತಿದ್ವಿ. ಟರ್ಬೊ ಕಡೆ ಹೋಗೋ ಬೆರಳು ದಪ್ಪವೂ ಇಲ್ಲದ ಪೈಪು ತುದಿಯಲ್ಲಿ ಸೀಳಿತ್ತು. ಬಗ್ಗಿಸಿದ್ರೆ ಒಣಗಿದ ಹಾಳೆ ಥರ ಬಿರುಕು ಬಿಡ್ತಿತ್ತು. ಪೈಪು ಬದಲಾಯಿಸಿದ ಮೇಲೆ ಅದೇ ಟರ್ಬೊದಲ್ಲಿ ಗಾಡಿ ಇವತ್ತಿಗೂ ಓಡ್ತಾ ಇದೆ.

ಸ್ಕ್ಯಾನರ್ ಸುಳ್ಳು ಹೇಳಿತಾ ಅಂದ್ರೆ, ಇಲ್ಲ. ಪಿ0299 ಅಂತ ಒಂದು ಕೋಡ್ ಬರುತ್ತೆ. ಟರ್ಬೊದಿಂದ ಗಾಳಿಯ ಒತ್ತಡ ಸಾಲ್ತಿಲ್ಲ ಅಂತ ಅದರ ಅರ್ಥ. ಯಾಕೆ ಸಾಲ್ತಿಲ್ಲ ಅನ್ನೋದು ಅದರಲ್ಲಿ ಇರಲ್ಲ. ಜ್ವರ ಇದೆ ಅಂತ ಥರ್ಮಾಮೀಟರ್ ಹೇಳುತ್ತೆ, ಯಾವ ಜ್ವರ ಅಂತ ಹೇಳುತ್ತಾ?

ಇನ್ನು ಈ ಪೈಪಿನ ಕೆಲಸ ಏನು ಅಂತ ಸ್ವಲ್ಪ ನೋಡೋಣ. ಪೆಟ್ರೋಲ್ ಗಾಡಿಯಲ್ಲಿ ಇಂಜಿನ್ನೇ ಗಾಳಿ ಎಳೆಯೋವಾಗ ವ್ಯಾಕ್ಯೂಮ್ ಆಗುತ್ತೆ. ಡೀಸೆಲ್ ಇಂಜಿನ್ನಲ್ಲಿ ಅದು ಸಾಲದು, ಅದಕ್ಕೇ ಬೇರೆ ಪಂಪ್ ಇರುತ್ತೆ. ನಮ್ಮ ಕಡೆ ಓಡಾಡೋ ಎಷ್ಟೋ ಗಾಡಿಯಲ್ಲಿ ಅದು ಡೈನಮೊ ಬೆನ್ನಿಗೇ ಅಂಟಿಕೊಂಡಿರುತ್ತೆ. ಆ ಪಂಪಿನಿಂದ ದಪ್ಪ ಪೈಪು ಒಂದು ಬ್ರೇಕ್ ಬೂಸ್ಟರಿಗೆ ಹೋಗುತ್ತೆ. ಸಣ್ಣ ಪೈಪುಗಳು ಸೊಲೆನಾಯ್ಡಿಗೆ, ಅಲ್ಲಿಂದ ಇಜಿಆರ್ ವಾಲ್ವಿಗೆ, ವ್ಯಾಕ್ಯೂಮ್‌ನಿಂದ ನಡೆಯೋ ಟರ್ಬೊ ಇದ್ರೆ ಅದರ ಡಬ್ಬಿಗೆ ಹೋಗುತ್ತವೆ. ಸೊಲೆನಾಯ್ಡ್ ಅಂದ್ರೆ ಕರೆಂಟಿನಿಂದ ತೆರೆದು ಮುಚ್ಚೋ ಗೇಟ್ ವಾಲ್ವ್ ಅಂದುಕೊಳ್ಳಿ. ತೋಟದಲ್ಲಿ ಯಾವ ಲೈನಿಗೆ ಎಷ್ಟು ನೀರು ಅಂತ ನಾವು ವಾಲ್ವ್ ತಿರುಗಿಸ್ತೀವಲ್ಲ, ಇಲ್ಲಿ ಆ ಕೆಲಸ ಕಂಪ್ಯೂಟರ್ ಮಾಡುತ್ತೆ.

ಮುಖ್ಯ ಮಾತು ಇಲ್ಲಿದೆ. ಪಂಪ್ ಒಂದೇ, ಲೈನ್ ಹಲವು. ಒಂದು ಸಣ್ಣ ಪೈಪು ಸೋರಿದ್ರೂ ಎಲ್ಲಾ ಕಡೆ ಎಳೆತ ಕಡಿಮೆ ಆಗಬಹುದು. ಡ್ರಿಪ್ಪಲ್ಲಿ ಒಂದು ಲ್ಯಾಟರಲ್ ಕಿತ್ತುಹೋದ್ರೆ ಕೊನೆಯ ಗಿಡಕ್ಕೆ ನೀರು ಹೋಗಲ್ಲ, ಹಾಗೇ. ಗಾಡಿ ಎಳಿಯದಿದ್ರೆ ನಿಧಾನ ಹೋಗಬಹುದು. ಬ್ರೇಕಿಗೆ ಎಳೆತ ಸಾಲದೆ ಇದ್ರೆ? ಚೀಲ ತುಂಬಿದ ಗಾಡಿ, ಆಗುಂಬೆ ಘಾಟಿಯ 14 ತಿರುವು, ಮೇಲೆ ಮಳೆ. ಪೆಡಲ್ ಕಲ್ಲಿನ ಥರ ಗಟ್ಟಿ ಆಗುತ್ತೆ. ಡೀಸೆಲ್ ಉಳಿಸೋಕೆ ಇಳಿಜಾರಲ್ಲಿ ಇಂಜಿನ್ ಆಫ್ ಮಾಡಿ ಬಿಡೋರು ಇದನ್ನ ಎರಡು ಸಲ ಓದಿ. ಇಂಜಿನ್ ನಿಂತ್ರೆ ಪಂಪೂ ನಿಲ್ಲುತ್ತೆ. ಬೂಸ್ಟರಲ್ಲಿ ಉಳಿದಿರೋ ಎಳೆತ ಎರಡು ಮೂರು ಸಲ ತುಳಿಯೋಕೆ ಮಾತ್ರ. ಆಮೇಲೆ ನಿಮ್ಮ ಕಾಲಿನ ಬಲ ಅಷ್ಟೇ.

ಬೂಸ್ಟರ್ ಪರೀಕ್ಷೆಗೆ ಮೆಕ್ಯಾನಿಕ್ ಬೇಡ. ಇಂಜಿನ್ ಆಫ್ ಇರೋವಾಗ ಪೆಡಲ್ ನಾಲ್ಕೈದು ಸಲ ತುಳಿಯಿರಿ, ಗಟ್ಟಿ ಆಗುತ್ತೆ. ಹಾಗೇ ತುಳಿದು ಹಿಡಿದುಕೊಂಡು ಸ್ಟಾರ್ಟ್ ಮಾಡಿ. ಪೆಡಲ್ ತಾನಾಗೇ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ರೆ ಅವತ್ತು ಗಾಡಿ ಹೊರಗೆ ತೆಗೀಬೇಡಿ.

"ಹಾಳಾದ ಒಂದು ಪೈಪು ಬದಲಾಯಿಸಿದ್ರೆ ಸಾಕಲ್ಲ, ಎಲ್ಲಾ ಯಾಕೆ?" ಅಂತ ಕೇಳ್ತೀರಿ. ಎಲ್ಲಾ ಪೈಪೂ ಒಂದೇ ದಿನ ಹಾಕಿದ್ದು. ಒಂದೇ ಶಾಖ, ಒಂದೇ ಎಣ್ಣೆ ಹಬೆ ತಿಂದಿವೆ. ಒಂದು ಬಿರಿದ್ರೆ ಉಳಿದವು ಸಾಲಲ್ಲಿ ನಿಂತಿವೆ ಅಂತ ಅರ್ಥ. ನಮ್ಮ ಮಲೆನಾಡಲ್ಲಿ ಇಲಿ ಕಾಟ ಬೇರೆ. ಅಂಗಳದ ಶೆಡ್ಡಲ್ಲಿ ಗಾಡಿ ನಿಲ್ಲಿಸಿದ್ರೆ ಬಾನೆಟ್ ಒಳಗೇ ಸಂಸಾರ ಹೂಡುತ್ತವೆ. ಸಣ್ಣ ಪೈಪು ಪೂರ್ತಿ ಬದಲಾಯಿಸೋಕೆ ಮೂರು ನಾಲ್ಕು ಮೀಟರ್ ಬೇಕಾಗಬಹುದು. ಒಂದು ಚೀಲ ಡಿಎಪಿ ದುಡ್ಡೂ ಆಗಲ್ಲ.

ಆದ್ರೆ ಸಿಕ್ಕಿದ ಪೈಪು ಹಾಕಬೇಡಿ. ಡ್ರಿಪ್ಪಿನ ಮೈಕ್ರೋಟ್ಯೂಬ್ ಅಳತೆಗೆ ಸರಿ ಬರುತ್ತೆ ಅಂತ ಸಿಕ್ಕಿಸಿದ್ದನ್ನ ನಾನೇ ಎರಡು ಗಾಡಿಯಲ್ಲಿ ನೋಡಿದ್ದೀನಿ. ಇಂಜಿನ್ ಶಾಖಕ್ಕೆ ಅದು ಮೆತ್ತಗಾಗಿ ಒಳಗಿನ ಎಳೆತಕ್ಕೆ ಚಪ್ಪಟೆ ಆಗುತ್ತೆ. ಹೊರಗಿಂದ ನೋಡಿದ್ರೆ ಸೋರಿಕೆ ಇಲ್ಲ, ಒಳಗೆ ದಾರಿ ಮುಚ್ಚಿದೆ. ನೀಲಿ, ಕೆಂಪು ಬಣ್ಣದ ತೆಳು ಸಿಲಿಕಾನ್ ಪೈಪೂ ಹಾಗೇ. ಶಾಖ ತಡೆಯುತ್ತೆ, ಗೋಡೆ ತೆಳುವಾದ್ರೆ ಕುಸಿಯುತ್ತೆ, ಎಣ್ಣೆಗೂ ಅಷ್ಟು ಒಳ್ಳೇದಲ್ಲ. ವ್ಯಾಕ್ಯೂಮ್ ಪಂಪ್ ಇಂಜಿನ್ ಆಯಿಲ್ಲಲ್ಲೇ ನಡೆಯೋದ್ರಿಂದ ಪೈಪಿನ ಒಳಗೆ ಎಣ್ಣೆ ಹಬೆ ಬಂದೇ ಬರುತ್ತೆ. ಅಂಗಡಿಯಲ್ಲಿ ಎಣ್ಣೆ ತಡೆಯೋ ದಪ್ಪ ಗೋಡೆಯ ವ್ಯಾಕ್ಯೂಮ್ ಪೈಪು ಅಂತಲೇ ಕೇಳಿ. ಹಳೇ ತುಂಡು ತಗೊಂಡು ಹೋಗಿ ಒಳ ಅಳತೆ ಸರಿ ನೋಡಿ. ಬೂಸ್ಟರಿನ ದಪ್ಪ ಪೈಪಿಗೆ ಮಾತ್ರ ಯಾವ ಉಪಾಯವೂ ಬೇಡ, ಆ ಗಾಡಿಯದ್ದೇ ತನ್ನಿ. ಅದರಲ್ಲಿರೋ ಒನ್‌ವೇ ವಾಲ್ವ್ ತಿರುಗಾಮುರುಗಾ ಆಗದ ಹಾಗೆ ಬಾಣದ ಗುರುತು ನೋಡಿಕೊಳ್ಳಿ.

ಕೆಲಸ ಮಾಡೋ ಕ್ರಮ ಹೀಗೆ. ಇಂಜಿನ್ ಪೂರ್ತಿ ತಣ್ಣಗಾಗಲಿ. ಮೊಬೈಲಲ್ಲಿ ನಾಲ್ಕು ಕಡೆಯಿಂದ ಫೋಟೊ ಹೊಡೀರಿ. ಒಂದು ಪೈಪು ಬಿಚ್ಚಿ, ಅದೇ ಉದ್ದಕ್ಕೆ ಹೊಸದು ಕತ್ತರಿಸಿ ಹಾಕಿ, ಆಮೇಲೆ ಇನ್ನೊಂದು. ಎಲ್ಲಾ ಒಟ್ಟಿಗೆ ಬಿಚ್ಚಿದ್ರೆ ಯಾವುದು ಎಲ್ಲಿಗೆ ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಸೊಲೆನಾಯ್ಡಿನ ಪ್ಲಾಸ್ಟಿಕ್ ಮೂತಿಯೂ ವಯಸ್ಸಾಗಿ ಬೆಂಡಿನ ಥರ ಮುರಿಯುತ್ತೆ. ಪೈಪು ಜಗ್ಗಬೇಡಿ, ಬ್ಲೇಡಲ್ಲಿ ಉದ್ದಕ್ಕೆ ಸೀಳಿ ಬಿಡಿಸಿ. ಹೊಸದು ಹತ್ತದಿದ್ರೆ ತುದಿಯನ್ನ ಬಿಸಿನೀರಲ್ಲಿ ಅದ್ದಿ, ಗ್ರೀಸ್ ಹಚ್ಚಬೇಡಿ. ಸೈಲೆನ್ಸರ್ ಕಡೆಯ ಬಿಸಿ ಭಾಗಕ್ಕೆ ತಾಗದ ಹಾಗೆ ಕಟ್ಟಿ.

ಇನ್ನು ಸೊಲೆನಾಯ್ಡ್. ಇದರ ಬೆಲೆ ಸಾವಿರದ ಲೆಕ್ಕ, ಅದಕ್ಕೇ ಪರೀಕ್ಷೆ ಮೊದಲು ಅನ್ನೋದು. ದನಕ್ಕೆ ಔಷಧ ಕುಡಿಸೋ 50 ಎಂಎಲ್ ಸಿರಿಂಜ್ ಹೊಸದೊಂದು ತನ್ನಿ, ಸೂಜಿ ಬೇಡ. ತುಂಡು ಪೈಪಿನಿಂದ ಟರ್ಬೊ ಡಬ್ಬಿಯ ಮೂತಿಗೆ ಸಿಕ್ಕಿಸಿ ಎಳೀರಿ. ಒಂದು ಎಳೆತ ಸಾಲದಿದ್ರೆ ಪೈಪು ಮಡಚಿ ಹಿಡಿದು, ಸಿರಿಂಜ್ ಖಾಲಿ ಮಾಡಿ ಇನ್ನೊಂದ್ಸಲ. ಸರಳು ಅಲುಗಾಡಿ, ಹಿಡಿದಷ್ಟು ಹೊತ್ತು ಅಲ್ಲೇ ನಿಂತ್ರೆ ಡಬ್ಬಿಯ ಒಳಗಿನ ರಬ್ಬರ್ ಚೆನ್ನಾಗಿದೆ. ತಾನಾಗೇ ವಾಪಸ್ ಬಂದ್ರೆ ಒಳಗೆ ಹರಿದಿದೆ. ಸೊಲೆನಾಯ್ಡಿಗೆ 12 ವೋಲ್ಟ್ ಒಂದು ಕ್ಷಣ ಕೊಟ್ರೆ ಟಕ್ ಅನ್ನಬೇಕು. ಹೆಚ್ಚು ಹೊತ್ತು ಕೊಟ್ರೆ ಕಾಯಿಲ್ ಸುಡಬಹುದು. ಮೀಟರಿಟ್ಟಾಗ ಓಮ್ ಏನೂ ತೋರಿಸದಿದ್ರೆ ಕಾಯಿಲ್ ಕಡಿದಿದೆ. ಟಕ್ ಅಂದ್ರೂ ಕೆಲಸ ಮಾಡದಿದ್ರೆ ಗಾಳಿ ಬಿಡೋ ಕಡೆ ಇರೋ ಸಣ್ಣ ಫಿಲ್ಟರ್ ನೋಡಿ. ಧೂಳು, ಎಣ್ಣೆ ಸೇರಿ ಕಟ್ಟಿಕೊಂಡ್ರೆ ಒಳಗಿನ ಎಳೆತ ಬಿಡೋದೇ ಇಲ್ಲ. ಅದನ್ನ ಸ್ವಚ್ಛ ಮಾಡಿದ್ರೇ ಎಷ್ಟೋ ಸೊಲೆನಾಯ್ಡ್ ಬದುಕುತ್ತೆ.

ಕೆಲವರು ಪೈಪಿಗೆ ಮೊಳೆ ಜಡಿದು "ಬಂದ್ ಮಾಡಿದೀನಿ, ಇನ್ನು ತಂಟೆ ಇಲ್ಲ" ಅಂತಾರೆ. ಇಜಿಆರ್ ಇರೋದು ಹೊಗೆಯ ವಿಷ ಕಡಿಮೆ ಮಾಡೋಕೆ. ಬಂದ್ ಮಾಡಿದ್ರೆ ನಮ್ಮ ಮಕ್ಕಳೇ ಕುಡಿಯೋ ಗಾಳಿ ಕೆಡುತ್ತೆ. ಮೇಲಾಗಿ ನಿಜವಾದ ಸೋರಿಕೆ ಎಲ್ಲಿತ್ತು ಅಂತ ಮುಂದಿನ ಮೆಕ್ಯಾನಿಕ್ಕಿಗೂ ಸಿಗಲ್ಲ.

ಮೆಕ್ಯಾನಿಕ್ಕುಗಳೆಲ್ಲ ಮೋಸಗಾರರು ಅಂತ ನಾನು ಹೇಳ್ತಿಲ್ಲ. ಪೈಪು ಹುಡುಕೋಕೆ ಅರ್ಧ ದಿನ ಬೇಕು, ಅದಕ್ಕೆ ನಾವು ಕೂಲಿ ಕೊಡೋಕೆ ಒಪ್ಪಲ್ಲ. ದೊಡ್ಡ ಪಾರ್ಟ್ ಹಾಕಿದ್ರೆ ಮಾತ್ರ ತೆಪ್ಪಗೆ ಕೊಡ್ತೀವಿ. ತಪಾಸಣೆಗೂ ಕೂಲಿ ಕೊಡಿ, "ಮೊದಲು ಪೈಪು ನೋಡಿ" ಅಂತ ನಾವೇ ಕೇಳೋಣ. ಈ ವಾರ ಮಳೆ ಹಿಡಿಯೋ ಒಳಗೆ ಬಾನೆಟ್ ಎತ್ತಿ ಪ್ರತಿ ಪೈಪಿನ ತುದಿ ಬಗ್ಗಿಸಿ ನೋಡಿ. ಬಿರುಕು ಕಂಡ್ರೆ ಘಾಟಿ ಇಳಿಯೋ ಮುಂಚೆ ಕೆಲಸ ಮುಗಿಸಿ.