ವಾಟ್ ಕೇಳುವುದನ್ನು ಬಿಡೋಣ, ಫಿಲ್ಟರ್ ನೋಡೋಣ



ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಮನೆಗಳಿಗೆ ಮರಳು ದೂರವಿಲ್ಲ. ಶಮಾಲ್ ಗಾಳಿ ಎದ್ದ ದಿನ, ಕಿಟಕಿ ಮುಚ್ಚಿದ್ದರೂ, ಸಂಜೆಯೊಳಗೆ ಮೇಜಿನ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು ಕುಳಿತಿರುತ್ತದೆ. ಆದುದರಿಂದಲೇ ನಾವು ವ್ಯಾಕ್ಯೂಮ್ ಕ್ಲೀನರ್ ಕೊಳ್ಳುತ್ತೇವೆ. ನಮ್ಮ ತಕರಾರು ಆ ಯಂತ್ರದ ಮೇಲಲ್ಲ. ಅದನ್ನು ಕುರುಡಾಗಿ ಕೊಂಡು, ಅನಂತರ ಮರೆತುಬಿಡುವ ನಮ್ಮ ರೂಢಿಯ ಮೇಲೆ.

ಅಂಗಡಿಯಲ್ಲಿ ನಮ್ಮ ಮೊದಲ ಪ್ರಶ್ನೆ "ಎಷ್ಟು ವಾಟ್?" ಎಂಬುದು. ವಾಟ್ ಎನ್ನುವುದು ಯಂತ್ರ ನುಂಗುವ ವಿದ್ಯುತ್ತಿನ ಅಳತೆಯೇ ಹೊರತು ಹೀರುವ ಧೂಳಿನ ಅಳತೆಯಲ್ಲ. ಐರೋಪ್ಯ ಒಕ್ಕೂಟವು ಹೊಸ ಯಂತ್ರಗಳಿಗೆ 2014ರಲ್ಲಿ 1600 ವಾಟಿನ, 2017ರಲ್ಲಿ 900 ವಾಟಿನ ಮಿತಿ ಹಾಕಿತು. ಅದರಿಂದ ಅಲ್ಲಿನ ಮನೆಗಳೇನೂ ಕೊಳಕಾಗಲಿಲ್ಲ. ಇನ್ನೂ ಬೋಧಪ್ರದವಾದುದು 2018ರ ನವೆಂಬರಿನ ತೀರ್ಪು. ಯಂತ್ರಗಳ ಮೇಲೆ ಅಂಟಿಸುತ್ತಿದ್ದ ಇಂಧನ ಲೇಬಲ್ಲಿನ ನಿಯಮವನ್ನೇ ಒಕ್ಕೂಟದ ನ್ಯಾಯಾಲಯ ರದ್ದುಮಾಡಿತು. ಕಾರಣ, ಪರೀಕ್ಷೆ ನಡೆದದ್ದು ಧೂಳಿಲ್ಲದ ಖಾಲಿ ಡಬ್ಬಿಯಲ್ಲಿ. ನಮ್ಮ ಮನೆಯ ಡಬ್ಬಿ ಎಂದಾದರೂ ಖಾಲಿಯಿರುತ್ತದೆಯೇ?

ಈ ಯಂತ್ರದ ಹುಟ್ಟಿಗೂ ಉಸಿರಿಗೂ ನಂಟಿದೆ. ಅಮೆರಿಕದ ಕ್ಯಾಂಟನ್ ಊರಿನ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದ ಜೇಮ್ಸ್ ಸ್ಪ್ಯಾಂಗ್ಲರ್, ಧೂಳಿನಿಂದ ತನ್ನ ಉಬ್ಬಸ ಕೆರಳುವುದನ್ನು ತಾಳಲಾರದೆ, ಮೋಟರು, ಪೊರಕೆಯ ಹಿಡಿ, ದಿಂಬಿನ ಚೀಲಗಳನ್ನು ಜೋಡಿಸಿ ಯಂತ್ರ ಮಾಡಿದ. 1908ರಲ್ಲಿ ಪೇಟೆಂಟ್ ಪಡೆದ. ಉಬ್ಬಸಕ್ಕೆ ಹೆದರಿ ಹುಟ್ಟಿದ ಯಂತ್ರ ಇಂದು ನಮ್ಮ ಮಕ್ಕಳ ಉಬ್ಬಸವನ್ನು ಕೆರಳಿಸುತ್ತಿದ್ದರೆ ತಪ್ಪು ಯಾರದು?

ಹೇಗೆಂದು ನೋಡೋಣ. ಹೀರಿದ ಗಾಳಿ ಯಂತ್ರದಿಂದ ಮತ್ತೆ ಕೋಣೆಗೇ ಬರುತ್ತದೆ. ಫಿಲ್ಟರ್ ಕಳಪೆಯಾದರೆ ದಪ್ಪ ಕಸ ಒಳಗುಳಿದು, ಶ್ವಾಸಕೋಶದ ಆಳಕ್ಕಿಳಿಯುವ ನುಣುಪು ಧೂಳು ಹಿಂದಿನಿಂದ ಹೊರಬೀಳುತ್ತದೆ. ಎಚ್13 ದರ್ಜೆಯ ಹೆಪಾ ಫಿಲ್ಟರ್ ಅತಿಸೂಕ್ಷ್ಮ ಕಣಗಳಲ್ಲೂ ಶೇ. 99.95ನ್ನು ತಡೆಯಬೇಕು. "ಹೆಪಾ ಮಾದರಿ" ಎಂಬ ಬರಹಕ್ಕೆ ಆ ಖಾತರಿಯಿಲ್ಲ. ಯಂತ್ರದ ಮೈಯಲ್ಲಿ ಸಂದುಗಳಿದ್ದರೆ ಒಳ್ಳೆಯ ಫಿಲ್ಟರೂ ವ್ಯರ್ಥ.

ಡ್ರ್ಯಾಗನ್ ಮಾರ್ಟಿನಲ್ಲೇ ಕೊಳ್ಳಿ, ದೊಡ್ಡ ಮಳಿಗೆಯಲ್ಲೇ ಕೊಳ್ಳಿ. ಬದಲಿ ಫಿಲ್ಟರ್ ಮತ್ತು ಚೀಲ ಮುಂದೆಯೂ ಸಿಗುವುದೇ ಎಂದು ಮೊದಲು ಕೇಳಿ. ಅಲರ್ಜಿಯವರಿರುವ ಮನೆಗೆ ಚೀಲವಿರುವ ಯಂತ್ರವೇ ಲೇಸು. ಡಬ್ಬಿ ಸುರಿಯುವಾಗ ಏಳುವ ಧೂಳು ಅದರಲ್ಲಿ ಕಡಿಮೆ. ಡಬ್ಬಿಯದಾದರೆ ಗುರುತಿನ ಗೆರೆ ಮುಟ್ಟುವ ಮೊದಲೇ ಖಾಲಿ ಮಾಡಿ. ಆ ಕೆಲಸ ಉಬ್ಬಸವಿರುವವರಿಗೆ ಬೇಡ. ತೊಳೆಯಬಹುದೆಂದು ಬರೆದಿರುವ ಫಿಲ್ಟರನ್ನು ಮಾತ್ರ ತೊಳೆದು, ಪೂರ್ತಿ ಒಣಗಿಸಿ. ಒದ್ದೆಯಾಗಿ ಕೂರಿಸಿದರೆ ಬೂಷ್ಟು ಹಿಡಿಯುತ್ತದೆ. ಬ್ರಷ್ಷಿಗೆ ಸುತ್ತಿದ ಕೂದಲನ್ನು ಕತ್ತರಿಸಿ ತೆಗೆಯಿರಿ.

"ಇದಕ್ಕೆಲ್ಲ ಸಮಯವೆಲ್ಲಿ?" ಎನ್ನುವವರುಂಟು. ಕಾರಿನ ಸರ್ವೀಸಿಗೆ ತಪ್ಪದೆ ಹೋಗುವ ನಮಗೆ, ಮಗುವಿನ ಉಸಿರಿಗಾಗಿ ವಾರಕ್ಕೆ ಹತ್ತು ನಿಮಿಷ ಇಲ್ಲವೆಂದರೆ ನಂಬುವುದು ಕಷ್ಟ.

ವೈದ್ಯವೃತ್ತಿಯ ನಾವು ಒಂದು ಮಾತನ್ನು ಸೇರಿಸಲೇಬೇಕು. ಯಾವ ಯಂತ್ರವೂ ಇನ್‌ಹೇಲರಿಗೆ ಬದಲಿಯಲ್ಲ. ವೈದ್ಯರನ್ನು ಕೇಳದೆ ಔಷಧ ನಿಲ್ಲಿಸಬೇಡಿ. ಹಾಸಿಗೆಯ ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಟೈಲ್ಸ್ ನೆಲಕ್ಕೆ ಒದ್ದೆ ಬಟ್ಟೆಯೇ ಸಾಕಷ್ಟು. ನೀರು ಚಿಮುಕಿಸಿ ಅಂಗಳ ಗುಡಿಸುತ್ತಿದ್ದ ನಮ್ಮ ಅಜ್ಜಿಯರಿಗೆ ಹೆಪಾ ತಿಳಿದಿರಲಿಲ್ಲ. ಧೂಳನ್ನು ಎಬ್ಬಿಸಬಾರದೆಂಬುದು ತಿಳಿದಿತ್ತು. ಈ ಶುಕ್ರವಾರ ಮನೆಯ ಯಂತ್ರವನ್ನೊಮ್ಮೆ ಬಿಚ್ಚಿ ನೋಡಿ.