ನೀರ ದಂಡೆಯ ಬಿಡಾರ ಯಾರಿಗಾಗಿ?

ಪರದೇಶದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳೂ, ಪುಣೆ-ಬೆಂಗಳೂರುಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳೂ ರಜೆಗೆ ಬಂದಾಗಲೆಲ್ಲ ಒಂದು ಮಾತನ್ನು ತಪ್ಪದೆ ಆಡುತ್ತಾರೆ: "ಸರ್, ಅಲ್ಲಿ ಕೆರಿ ದಂಡಿಗೆ ಮನೀಯಂಥಾ ಗಾಡಿ ನಿಲ್ಲಿಸಿ, ಹುಡುಗ್ರು, ನಾಯಿ ಎಲ್ಲಾ ಕೂಡಿ ನಾಕ್ ದಿನ ಇದ್ದು ಬರ್ತೀವ್ರಿ. ನಮ್ಮ ಕಡಿ ಅಂಥಾದ್ದು ಏನೂ ಇಲ್ಲ. ಅಮರ್ಜಾ ಡ್ಯಾಮಿನ ಬಲ್ಲಿ ಒಂದು ಆಗಬೇಕು ನೋಡ್ರಿ." ಆಗಬೇಕೆಂಬುದಕ್ಕೆ ನನ್ನ ತಕರಾರಿಲ್ಲ. 'ಏನೂ ಇಲ್ಲ' ಎಂಬುದಕ್ಕೆ ಇದೆ. ಅದಕ್ಕಿಂತ ಹೆಚ್ಚಿನ ತಕರಾರು, ಆಗಬೇಕಾದದ್ದು ಹೇಗಿರಬೇಕೆಂದು ಅವರು ಬಣ್ಣಿಸುವ ರೀತಿಗೆ. ನೀರಿಗೆ ತಾಗಿದ ಹಸಿರು ಹುಲ್ಲುಹಾಸು, ಸುತ್ತ ತಂತಿಬೇಲಿ, ಬಾಗಿಲಲ್ಲಿ ಚೀಟಿ, ಎತ್ತು-ಬಂಡಿಗಳಿಗೆ ಪ್ರವೇಶವಿಲ್ಲವೆಂಬ ಫಲಕ!

ಕುಟುಂಬ, ಪಶು, ವಾಹನ ಈ ಮೂರನ್ನೂ ಕೂಡಿಸಿಕೊಂಡು ನೀರಿನ ದಂಡೆಯಲ್ಲಿ ಬಿಡಾರ ಹೂಡುವ ವಿದ್ಯೆ ನಮ್ಮ ಸೀಮೆಗೆ ಹೊಸದೇನಲ್ಲ. ಅಫಜಲಪುರ ತಾಲೂಕಿನ ಘತ್ತರಗಿಯ ಭಾಗ್ಯವಂತಿಗೆ, ದೇವಲ ಗಾಣಗಾಪುರದ ದತ್ತನಿಗೆ, ಕಲಬುರಗಿಯ ಶರಣಬಸವೇಶ್ವರರ ತೇರಿಗೆ ನಮ್ಮ ಹಿರಿಯರು ಹೋಗುತ್ತಿದ್ದುದು ಕೊಲ್ಲಾರಿ ಬಂಡಿ ಕಟ್ಟಿಕೊಂಡು. ಒಳಗೆ ಕೌದಿ ಹಾಸಿಗೆ, ಬುತ್ತಿಯ ಗಂಟು, ಕೂಸುಗಳು. ಕೆಳಗೆ ತೂಗುವ ಕಂದೀಲು. ಹಿಂದೆ ಕಣಿಕೆಯ ಹೊರೆ. ಅಚ್ಚಿನ ನೆರಳಿನಲ್ಲಿ ನಡೆಯುವ ಮನೆಯ ನಾಯಿ. (ಬಂಡಿಯನ್ನು ತಾನೇ ಎಳೆಯುತ್ತಿದ್ದೇನೆಂದು ತಿಳಿದ ಆ ನಾಯಿಯ ಕಥೆಯನ್ನು ತರಗತಿಯಲ್ಲಿ ಯಾರಿಗೆ ಅನ್ವಯಿಸುತ್ತಿದ್ದೆನೆಂದು ನಿಮ್ಮಲ್ಲಿ ಕೆಲವರಿಗೆ ನೆನಪಿದ್ದೀತು.) ಈಗ ಬಂಡಿಯ ಸ್ಥಾನಕ್ಕೆ ಟ್ರ್ಯಾಕ್ಟರೂ ಟಂಟಂ ಗಾಡಿಯೂ ಬಂದಿವೆ. ಆದರೆ ಒಲೆ ಹೂಡಿ, ಉಂಡು, ಹೊಳೆಯ ದಂಡೆಯಲ್ಲಿ ರಾತ್ರಿ ಕಳೆಯುವುದು ನಿಂತಿಲ್ಲ. ಆಳಂದದ ಲಾಡ್ಲೆ ಮಶಾಕ ದರ್ಗಾದ ಉರುಸಿಗೂ ಜನ ಹೀಗೆಯೇ ಕುಟುಂಬ ಸಮೇತ ಬರುತ್ತಾರೆ. ಎಳ್ಳಮಾವಾಸ್ಯೆಯಂದು ಭಜ್ಜಿ, ಕಡುಬು, ಸಜ್ಜೆ ರೊಟ್ಟಿ ಕಟ್ಟಿಕೊಂಡು ಚರಗ ಚೆಲ್ಲಲು ಹೊಲಕ್ಕೆ ಹೋಗುವವರಿಗೆ ಬಯಲಿನಲ್ಲಿ ಇರುವ ಬಗೆಯನ್ನು ಪುಸ್ತಕ ಓದಿ ಕಲಿಸಬೇಕಾಗಿಲ್ಲ.

ಹಿರಿಯರು ಜಾಗ ಆರಿಸುತ್ತಿದ್ದ ಕ್ರಮವನ್ನು ಗಮನಿಸಿ. ಅವರು ಮೊದಲು ನೋಡುತ್ತಿದ್ದುದು ನೀರನ್ನಲ್ಲ, ನೆಲವನ್ನು. ನಮ್ಮದು ಎರೆಭೂಮಿ. ಒಣಗಿದರೆ ಬಿರುಕು ಬಿಡುತ್ತದೆ, ನೆನೆದರೆ ಉಬ್ಬಿ ಅಂಟುತ್ತದೆ. ಒಂದು ಅಡ್ಡಮಳೆಗೆ ಎತ್ತಿನ ಬಂಡಿಯೇ ಹೂತುಹೋಗುವ ಈ ನೆಲದಲ್ಲಿ, ಮೂರು ನಾಲ್ಕು ಟನ್ ತೂಗುವ ಮೋಟಾರು ಮನೆಯ ಗತಿಯೇನು? ಆದ್ದರಿಂದ ಗರಸು ನೆಲವೇ ಬೇಕು. ಅದೂ ಏರಿನ ಮೇಲೆ. ಚಳಿಗಾಲದ ರಾತ್ರಿ ತಣ್ಣನೆಯ ಗಾಳಿ ಇಳಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ಮಕ್ಕಳಿಗೆ ಚಳಿ ಹೆಚ್ಚು ತಾಗುವುದು ಅಲ್ಲಿಯೇ. ಬಿರುಕಿನ ಹೊಲದಂಚು ಹಾವಿಗೆ ಇಷ್ಟ, ಮನುಷ್ಯರಿಗಲ್ಲ. ನೆಲದ ಬಳಿಕ ನೆರಳು: ಬೇವಿನ ಮರವಿದ್ದರೆ ಉಳಿದ ಮಾತು. ಆಮೇಲೆಯೇ ನೀರು, ಮತ್ತು ನೀರಿನಲ್ಲಿಯೂ ಒಂದು ಮರ್ಯಾದೆ: ಹರಿವಿನ ಮೇಲ್ಗಡೆ ಕುಡಿಯಲು, ಅದರ ಕೆಳಗೆ ದನಗಳಿಗೆ, ಇನ್ನೂ ಕೆಳಗೆ ಬಟ್ಟೆಗೆ. ಬೇಸಿಗೆಯಲ್ಲಿ ಒಂದು ಎತ್ತು ದಿನಕ್ಕೆ 40-50 ಲೀಟರ್ ನೀರು ಕುಡಿಯುತ್ತದೆ. ನೀರು ದೂರವಾದರೆ ಹೊರುವವರು ಯಾರು? ಹೆಂಗಸರು. ತೀರ ಹತ್ತಿರವಾದರೆ ಕಾಯುವವರು ಯಾರು? ಆಗಲೂ ಹೆಂಗಸರೇ, ಕೂಸು ನೀರಿಗೆ ಇಳಿಯದಂತೆ ಅವರು ಇಡೀ ದಿನ ಕಣ್ಣಿಟ್ಟಿರಬೇಕು. ಕರೆದರೆ ಕೇಳಿಸುವಷ್ಟು ದೂರ, ಮಗು ಎರಡು ಹೆಜ್ಜೆಗೆ ತಲುಪಲಾರದಷ್ಟು ದೂರ: ಇದೇ ಅಳತೆ.

ಇದನ್ನೆಲ್ಲ ಬಿಟ್ಟು, 'ಗಾಡಿಯ ಬಾಗಿಲು ತೆರೆದರೆ ಕಾಲಡಿಯಲ್ಲಿ ನೀರಿರಬೇಕು' ಎನ್ನುವವರಿಗೆ ಭೀಮೆಯ ಪರಿಚಯವಿಲ್ಲವೆಂದೇ ಹೇಳಬೇಕು. ಭೀಮೆ ಏರುವುದು ಇಲ್ಲಿಯ ಮಳೆಯಿಂದಷ್ಟೇ ಅಲ್ಲ. ಮಹಾರಾಷ್ಟ್ರದ ಉಜನಿ, ವೀರ ಜಲಾಶಯಗಳಿಂದ ನೀರು ಬಿಟ್ಟರೆ ನಮ್ಮಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹೊಳೆ ದಂಡೆ ಮೀರಬಹುದು. 2020ರ ಅಕ್ಟೋಬರಿನಲ್ಲಿ ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಹಳ್ಳಿಗಳು ಜಲಾವೃತವಾದುದನ್ನು ನಾವು ಕಂಡಿದ್ದೇವೆ. 2025ರ ಸೆಪ್ಟೆಂಬರಿನಲ್ಲಿ ಮತ್ತೆ ಕಂಡೆವು. ಊರಿಗೆ ಊರೇ ಮನೆ ಬಿಟ್ಟು ಕಾಳಜಿ ಕೇಂದ್ರ ಸೇರಿದ ದಂಡೆಯಲ್ಲಿ ಹುಲ್ಲುಹಾಸು ಬೆಳೆಸಿ ಅತಿಥಿಗಳನ್ನು ಮಲಗಿಸುವುದು ವಿನೋದದ ಮಾತಲ್ಲ. ಜೇವರ್ಗಿಯ ಹಾದಿಯಲ್ಲಿ ಕಟ್ಟಿಸಂಗಾವಿ ಸೇತುವೆಯ ಬಳಿಯ ಹೊಳೆಯನ್ನು ಬೇಸಿಗೆಯಲ್ಲಿ ಮಾತ್ರ ನೋಡಿದವರು ಮಳೆಗಾಲದಲ್ಲಿಯೂ ಒಮ್ಮೆ ನೋಡಲಿ.

ಕೋರಹಳ್ಳಿಯ ಅಮರ್ಜಾ ಜಲಾಶಯದ ಗುಣ ಬೇರೆ. ಅದು ಸರೋವರವಲ್ಲ, ತುಂಬುವ ಮತ್ತು ಬರಿದಾಗುವ ಪಾತ್ರೆ. ಮಳೆ ಚೆನ್ನಾಗಿ ಆದ ವರ್ಷ ಅಕ್ಟೋಬರಿನಲ್ಲಿ ನೀರಿದ್ದ ಅಂಚಿಗೂ ಮೇ ತಿಂಗಳ ಅಂಚಿಗೂ ನಡುವೆ ಅಗಲವಾದ ಹೂಳಿನ ಪಟ್ಟಿ ಬೀಳುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ರಾಡಿ. ನೀರು ಕುಡಿಯಲು ಇಳಿದ ಎಮ್ಮೆ ಅದರಲ್ಲಿ ಸಿಕ್ಕಿಕೊಂಡರೆ ಹಗ್ಗ ಹಾಕಿ ಎಳೆಯಲು ಹತ್ತು ಜನ ಬೇಕು. ಇಳಿಯುವ ಮಗುವಿಗೆ ಅಷ್ಟು ಸಮಯವೂ ಇರುವುದಿಲ್ಲ. ನಿಂತ ನೀರಿನ ಮೇಲೆ ಬೇಸಿಗೆಯಲ್ಲಿ ಹಸಿರು ಕೆನೆ ಕಟ್ಟಿದರೆ ನಾಯಿಯನ್ನು ಹತ್ತಿರ ಬಿಡಬಾರದು. ಆ ನೀಲಿ-ಹಸಿರು ಪಾಚಿಯ ಕೆಲವು ಬಗೆಗಳ ವಿಷದಿಂದ ನಾಯಿಗಳೂ ದನಗಳೂ ಸತ್ತದ್ದು ಅಮೆರಿಕ, ಯುರೋಪುಗಳಲ್ಲಿ ದಾಖಲಾಗಿದೆ. ನಾಯಿಯನ್ನು ಕರೆತರುವ ನನ್ನ ಶಿಷ್ಯರು ದೃಶ್ಯಸೌಂದರ್ಯದ ಬಗ್ಗೆ ಕೇಳುತ್ತಾರೆ, ಇದನ್ನು ಕೇಳುವುದಿಲ್ಲ.

ನಾಯಿಯ ಮಾತು ಬಂದಿತಲ್ಲ, ಪ್ರವೇಶ ನಿಷೇಧದ ಫಲಕ ಬರೆಸಬೇಕೆನ್ನುವವರು ಗಾಣಗಾಪುರಕ್ಕೆ ಒಮ್ಮೆ ಹೋಗಿ ಬರಲಿ. ಅಲ್ಲಿ ಅಂಗಡಿ ಅಂಗಡಿಯಲ್ಲಿ ಮಾರುವ ದತ್ತನ ಪಟದಲ್ಲಿ ಹಿಂದೆ ಹಸು, ಕಾಲ ಬಳಿ ನಾಲ್ಕು ನಾಯಿಗಳು. ಭೀಮಾ-ಅಮರ್ಜಾ ಸಂಗಮದ ಒಡೆಯನೇ ಪಶುಪರಿವಾರ ಸಹಿತ ಬಿಡಾರ ಮಾಡಿರುವಾಗ, ಅದೇ ಅಮರ್ಜೆಯ ಮೇಲ್ಗಡೆ ನಮ್ಮದೇನು ಮಡಿ! ಕುರಿ ಹಿಂಡು ಹೊಡೆದುಕೊಂಡು ಹೊಲದಿಂದ ಹೊಲಕ್ಕೆ ಸಾಗುವ ಕುರುಬರಿಗೆ ನೀರಿನ ದಂಡೆ ವಿಹಾರವಲ್ಲ, ಜೀವನ. ನಾಲ್ಕು ಮೋಟಾರುಗಾಡಿಗಳಿಗಾಗಿ ಬೇಲಿ ಹಾಕಿದ ದಿನ, ಆ ಹಿಂಡು ನೀರಿಗೆ ಇಳಿಯುವುದೆಲ್ಲಿ?

ಇನ್ನು ಎಲ್ಲಕ್ಕಿಂತ ಮುಖ್ಯವಾದ, ಯಾರೂ ಬಾಯಿಬಿಟ್ಟು ಆಡದ ವಿಷಯ ಶೌಚಾಲಯದ್ದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2010ರಲ್ಲಿಯೇ ಕಾರವಾನ್‌ಗಳಿಗೂ ಅವು ತಂಗುವ ತಾಣಗಳಿಗೂ ಒಂದು ನೀತಿ ಪ್ರಕಟಿಸಿತು. ಮೋಟಾರು ಮನೆಯವರಿಗೆ ಗಾಡಿಯೊಳಗೇ ಶೌಚದ ವ್ಯವಸ್ಥೆಯುಂಟು. ಆದರೆ ಆ ತೊಟ್ಟಿಯನ್ನು ಎಲ್ಲಿ ಬರಿದು ಮಾಡುವುದು? ಪರದೇಶದ ತಾಣಗಳಲ್ಲಿ ಅದಕ್ಕೆಂದೇ ಗುಂಡಿ, ಕೊಳವೆ ಇರುತ್ತವೆ. ಇಲ್ಲಿ ಅದಿಲ್ಲದೆ ಗಾಡಿ ನಿಲ್ಲಿಸಿದರೆ, ಕೊನೆಗೆ ಅದೆಲ್ಲ ಸೇರುವುದು ಕೆಳಗಿನವರು ಕುಡಿಯುವ ನೀರಿಗೆ. ಅತ್ತ ಟ್ರ್ಯಾಕ್ಟರಿನಲ್ಲಿ ಜಾತ್ರೆಗೆ ಬಂದ ಹೆಣ್ಣುಮಕ್ಕಳು ಕತ್ತಲಾಗುವುದನ್ನೇ ಕಾಯುತ್ತಾ, ಅದಕ್ಕಾಗಿ ಮಧ್ಯಾಹ್ನದಿಂದ ನೀರನ್ನೇ ಕುಡಿಯದೆ ಕೂಡುತ್ತಾರೆ. ಹುಲ್ಲುಹಾಸಿಗೆ ಸುರಿಯುವ ಹಣದಲ್ಲಿ ಅರ್ಧವನ್ನಾದರೂ ನೀರು, ದೀಪ, ಗಟ್ಟಿ ಬಾಗಿಲುಗಳಿರುವ ಶೌಚಾಲಯಗಳಿಗೆ ಹಾಕಿ, ಬಂಡಿಯವರಿಗೂ ಕಾರಿನವರಿಗೂ ಒಂದೇ ಸಾಲಿನಲ್ಲಿ ತೆರೆದಿಡಿ. ಮೊದಲ ದಿನವೇ ನಾನೇ ಬಂದು ಚೀಟಿ ಕೊಳ್ಳುತ್ತೇನೆ.

ಅಲ್ಲಿಯವರೆಗೆ, ಈ ಚಳಿಗಾಲದಲ್ಲಿ ಬರಬೇಕೆಂದಿರುವವರಿಗೆ ಇಷ್ಟು: ದೀಪಾವಳಿಯ ನಂತರ, ಶಿವರಾತ್ರಿಯ ಒಳಗೆ ಬನ್ನಿ, ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿಯ ಬಿಸಿಲಿಗೆ ತಗಡಿನ ಗಾಡಿ ಒಲೆಯಾಗುತ್ತದೆ. ಜಲಾಶಯದ ಜಾಗದಲ್ಲಿ ನೀರಾವರಿಯವರನ್ನು, ಹೊಲದಂಚಿನಲ್ಲಿ ಹೊಲದ ಯಜಮಾನರನ್ನು ಕೇಳಿ ಇಳಿಯಿರಿ. ಕುಡಿಯುವ ನೀರು ಮನೆಯಿಂದಲೇ ತನ್ನಿ. ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿರಬೇಕು, ಹಗ್ಗ ಕೈಯಲ್ಲಿರಬೇಕು. ಕುರಿ ಹಿಂಡಿನ ನಾಯಿಗಳು ನಿಮ್ಮ ನಾಯಿಯ ಇಂಗ್ಲಿಷ್ ಹೆಸರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.